ಕಡಪಾ ಹಲಗೆಯ ದೇವರುಗಳು

ಹೋದ ತಿಂಗಳು ಕೂಡ್ಲಿಗಿಯಲ್ಲಿ ಅಕ್ಕೋರಿಗೆ ಶ್ರದ್ಧಾಂಜಲಿ ಸಭೆ ಮಾಡಿದರು. ಹನ್ನೆರಡು ವರ್ಷದ ಹಿಂದೆ ಅವರನ್ನು ಹಾಸ್ಟೆಲಿನಿಂದ ಹೊರಗೆ ಹಾಕಿದವರೇ ಮಾಡಿದರು. ಅದೇ ಸಮಿತಿ, ಅದೇ ಅಧ್ಯಕ್ಷರು, ಅದೇ ಗರಿಗರಿ ಬಿಳಿ ಅಂಗಿ. ಅಕ್ಕೋರ ಕೈಕೆಳಗೆ ಬೆಳೆದ ಹುಡುಗಿಯೊಬ್ಬಳು ದೊಡ್ಡ ಅಧಿಕಾರಿಯಾಗಿ, ಪೇಪರಿನವರ ಮುಂದೆ ಅವರನ್ನು ನೆನೆದಿದ್ದಳು. ಅಲ್ಲಿಯವರೆಗೆ ಸತ್ತಿದ್ದಾರೋ ಬದುಕಿದ್ದಾರೋ ಎಂದು ಕೇಳದಿದ್ದವರಿಗೆ ಒಮ್ಮೆಲೇ ನೆನಪು ಉಕ್ಕಿ ಬಂತು. ಫೋಟೋಕ್ಕೆ ಹಾರ ಹಾಕಿ, ಮೈಕಿನ ಮುಂದೆ ಗಂಟಲು ಸರಿಮಾಡಿಕೊಂಡು, ಅಧ್ಯಕ್ಷರು ಅವರನ್ನು ಮಹಾ ದೈವಭಕ್ತೆ ಎಂದು ಕರೆದರು. ಮಕ್ಕಳ ಮನಸ್ಸಿನಲ್ಲಿ ಸಂಸ್ಕಾರ ಬಿತ್ತಿದ ತಾಯಿ ಎಂದರು. ಜನ ಚಪ್ಪಾಳೆ ತಟ್ಟಿದರು.

ನಾನು ಎರಡನೇ ಸಾಲಿನಲ್ಲಿ ಕೂತಿದ್ದೆ. ನಿಂತು ನಾಲ್ಕು ಮಾತು ಕೇಳಬೇಕಿತ್ತು. ಕೇಳಲಿಲ್ಲ, ಎದ್ದು ಹೊರಗೆ ಬಂದೆ. ಅಲ್ಲಿ ಆಡದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ಸಿಟ್ಟು ಆರುವ ತನಕ ಕಾಯಬಹುದಿತ್ತು, ಆದರೆ ಆರಿದ ಮೇಲೆ ನಾನು ಬರೆಯುವವಳಲ್ಲ ಎಂಬುದು ನನಗೆ ಗೊತ್ತು. ಅಕ್ಕೋರ ಹೆಸರು ಹೇಳುವುದಿಲ್ಲ. ಅದನ್ನು ಆ ಬ್ಯಾನರಿನ ಮೇಲೆ ಅಧ್ಯಕ್ಷರ ಹೆಸರಿನ ಕೆಳಗೆ ಓದಿದ ಮೇಲೆ ಮತ್ತೆ ಬರೆಯಲು ಕೈ ಬರುತ್ತಿಲ್ಲ. ಹುಡುಗಿಯರು, ಅಡುಗೆಯವರು, ಹಾಲಿನವನು, ನಾನು, ನಾವೆಲ್ಲ ಕರೆಯುತ್ತಿದ್ದದ್ದು ಅಕ್ಕೋರು ಎಂದೇ. ಅಷ್ಟು ಸಾಕು.

ದಾನಿಗಳ ಸಮಿತಿಯೊಂದು ಕೂಡ್ಲಿಗಿಯಲ್ಲಿ ನಡೆಸುತ್ತಿದ್ದ ಹೆಣ್ಣುಮಕ್ಕಳ ಹಾಸ್ಟೆಲಿಗೆ ಅವರು ವಾರ್ಡನ್. ಕೊಟ್ಟೂರು, ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಕಡೆಯ ಹಳ್ಳಿಗಳಿಂದ ಬಂದ ಐವತ್ತು ಅರವತ್ತು ಹುಡುಗಿಯರು ಅಲ್ಲಿದ್ದು ಓದುತ್ತಿದ್ದರು. ನಾನು ಸಂಜೆ ಬಂದು ಗಣಿತ ಹೇಳಿಕೊಡುವ ಟ್ಯೂಷನ್ ಟೀಚರ್. ಪ್ರತಿ ಜೂನ್ ತಿಂಗಳಲ್ಲಿ ಸಮಿತಿಯವರು ಮುಂದುವರಿಸಿದರೆ ಆ ವರ್ಷ ಕೆಲಸ, ಇಲ್ಲದಿದ್ದರೆ ಇಲ್ಲ.

ಅಕ್ಕೋರು ಕುಳ್ಳಗೆ, ಗಟ್ಟಿಮುಟ್ಟಾಗಿದ್ದರು. ಕೈಗೆ ಸದಾ ಹಿಟ್ಟೋ ಸೀಮೆಸುಣ್ಣವೋ ಮೆತ್ತಿರುತ್ತಿದ್ದರಿಂದ ಜಾರಿದ ಕನ್ನಡಕವನ್ನು ಮಣಿಕಟ್ಟಿನಿಂದ ಮೇಲೆ ತಳ್ಳುವುದು ಅಭ್ಯಾಸವಾಗಿತ್ತು. ಪೆನ್ನನ್ನು ತುರುಬಿಗೆ ಸಿಕ್ಕಿಸಿ, ಅರ್ಧ ಗಂಟೆಯ ನಂತರ ಅದನ್ನು ಇಡೀ ಹಾಸ್ಟೆಲಿನಲ್ಲಿ ಹುಡುಕಿಸುತ್ತಿದ್ದರು. ಸಭೆಯಲ್ಲಿ ಹೇಳಿದಂತೆ ಶಾಂತಮೂರ್ತಿಯೇನೂ ಅಲ್ಲ. ಬಟ್ಟೆ ಸೋಪನ್ನು ದಾರದಿಂದ ಮೂರು ತುಂಡು ಮಾಡಿ ಹಂಚುವಷ್ಟು ಜಿಪುಣತನ. ತಡವಾಗಿ ಬಂದರೆ ನನ್ನನ್ನೂ ಹುಡುಗಿಯರ ಮುಂದೆಯೇ ಬೈಯುತ್ತಿದ್ದರು, ಆಮೇಲೆ ತಪ್ಪು ತಮ್ಮದೇ ಎಂದು ಗೊತ್ತಾದರೂ ಹೇಳಿಕೊಳ್ಳುತ್ತಿರಲಿಲ್ಲ. ಅಂಥ ದಿನ ನನ್ನ ತಟ್ಟೆಯಲ್ಲಿ ಒಂದು ರೊಟ್ಟಿ ಹೆಚ್ಚಿಗೆ ಇರುತ್ತಿತ್ತು.

ಊಟದ ಕೋಣೆಯ ಬಡಗಣ ಗೋಡೆಗೆ, ಇಟ್ಟಿಗೆಯ ಮೇಲೆ, ಉದ್ದನೆಯ ಕರಿ ಕಡಪಾ ಕಲ್ಲಿನ ಹಲಗೆಯೊಂದನ್ನು ಕೂರಿಸಿದ್ದರು. ಅಡುಗೆ ಕಟ್ಟೆಗೆ ತಂದು ಉಳಿದದ್ದು. ಅದೇ ಹಾಸ್ಟೆಲಿನ ದೇವರ ಜಗಲಿ. ಹೊಸ ಹುಡುಗಿ ಬಂದ ದಿನ, ಅರ್ಜಿ ತುಂಬಿಸಿದ ಮೇಲೆ, ಮನೆಯಲ್ಲಿ ಯಾವ ದೇವರಿಗೆ ನಡೆದುಕೊಳ್ಳುತ್ತೀರಿ ಎಂದು ಕೇಳುತ್ತಿದ್ದರು. ಅಪ್ಪನೋ ಅವ್ವನೋ ಉತ್ತರ ಹೇಳುತ್ತಿದ್ದರು. ಅವರು ಹೇಳಿ ಮುಗಿಸಿದ ಮೇಲೆ ಅಕ್ಕೋರು ಹುಡುಗಿಯ ಕಡೆ ತಿರುಗುತ್ತಿದ್ದರು.

"ಅದು ಮನಿಯವ್ರದಾತು. ನೀ ಯಾರಿಗೆ ಕೈ ಮುಗೀತಿ?"

ಬಹಳಷ್ಟು ಹುಡುಗಿಯರನ್ನು ಅಲ್ಲಿಯವರೆಗೆ ಯಾರೂ ಹಾಗೆ ಕೇಳಿದ್ದಿಲ್ಲ. ತಲೆ ಕೆಳಗೆ ಹಾಕುತ್ತಿದ್ದರು. ಅವಸರವಿಲ್ಲ, ಮುಂದಿನ ಸಲ ಊರಿಗೆ ಹೋದಾಗ ಯೋಚಿಸಿ ಏನಾದರೂ ತಾ, ಹಲಗೆಯ ಮೇಲೆ ಗೇಣು ಜಾಗ ನಿನ್ನದು ಎನ್ನುತ್ತಿದ್ದರು. ಹೇಗೆ ಆರಿಸುವುದು ಎಂದು ಯಾರಾದರೂ ಕೇಳಿದರೆ ಅವರ ಬಳಿ ಇದ್ದದ್ದು ಒಂದೇ ಅಳತೆ. "ಅದರ ಮುಂದ ನಿಂತಾಗ ಹೆದರಿಕಿ ಆತಂದ್ರ ತರಬ್ಯಾಡ. ಧೈರ್ಯ ಬಂತಂದ್ರ ತಾ."

ಹೀಗೆ ಆ ಹಲಗೆ ತುಂಬಿತ್ತು. ದುರುಗಮ್ಮನ ಗುಡಿಯ ಬೇವಿನ ಸೊಪ್ಪು, ಹುಲಿಗೆಮ್ಮನ ಪಟ, ಮೈಲಾರಲಿಂಗನ ಭಂಡಾರದ ಅರಿಶಿನ. ಹಡಗಲಿ ಕಡೆಯ ಹುಡುಗಿಯೊಬ್ಬಳ ಮನೆಯವರು ಮೊಹರಮ್ಮಿನ ಪೀರಲದೇವರಿಗೆ ಹರಕೆ ಹೊತ್ತವರು, ಆಕೆ ಹಸಿರು ಬಟ್ಟೆಯ ಚೂರು ತಂದಿದ್ದಳು. ಕೂಡ್ಲಿಗಿ ಹತ್ತಿರದ ಹಳ್ಳಿಯವಳೊಬ್ಬಳು ಬುದ್ಧನ ಪಟ ಇಟ್ಟಿದ್ದಳು. ಐದನೇ ತರಗತಿಯ ಚಿಕ್ಕ ಹುಡುಗಿಯೊಬ್ಬಳು ತನ್ನ ಅವ್ವ ಹೊಲಕ್ಕೆ ಹೋಗುವಾಗ ಬದುವಿನ ಮೇಲೆ ಕೈಮುಗಿಯುವ ಕಲ್ಲಿನ ಪಕ್ಕದಿಂದ ಒಂದು ಸಣ್ಣ ಕಲ್ಲು ತಂದಿದ್ದಳು. ಅದರ ಹೆಸರೇನು ಎಂದರೆ ಹೆಸರಿಲ್ಲ ಎನ್ನುತ್ತಿದ್ದಳು. ಅಕ್ಕೋರು ಅದಕ್ಕೊಂದು ಹೆಸರು ಇಡಲು ಹೋಗಲಿಲ್ಲ.

ಕೊಟ್ಟೂರಿನ ಆಚೆಯ ಹಟ್ಟಿಯ ಮಾಳಮ್ಮ ತಂದದ್ದು ಕರಿ ಕಂಬಳಿಯ ಒಂದು ತುಂಡು. ಬೀರಪ್ಪ ದೇವರ ಹೆಸರಿನದು. ಅವಳ ಅಜ್ಜ ಕುರಿಗಳ ಜೊತೆ ಅಡವಿಯಲ್ಲಿ ತೀರಿಕೊಂಡಾಗ ಹೊದ್ದಿದ್ದ ಕಂಬಳಿಯಂತೆ. ಮಾಳಮ್ಮ ಹತ್ತನೇ ತರಗತಿ, ಗಣಿತದಲ್ಲಿ ಚುರುಕು, ಮಾತಿನಲ್ಲಿ ಮಂದ. ನನ್ನದೂ ಕುರಿ ಕಾಯುವವರ ಮನೆತನವೇ, ಬೀರಪ್ಪ ನಮಗೂ ಮನೆದೇವರು. ಆದರೆ ಬಿ.ಎಡ್. ಮುಗಿಸಿದ ಮೇಲೆ ಯಾರಾದರೂ ಕೇಳಿದರೆ ನಾನು ಪೇಟೆಯ ಜನಕ್ಕೆ ಗೊತ್ತಿರುವ ಬೇರೆ ಯಾವುದೋ ದೇವರ ಹೆಸರು ಹೇಳುತ್ತಿದ್ದೆ. ಆ ಕಂಬಳಿ ತುಂಡನ್ನು ನೋಡಿದಾಗಲೆಲ್ಲ ಮೂಗಿಗೆ ನಮ್ಮ ಮನೆಯ ವಾಸನೆ ಬಡಿದಂತಾಗಿ ಬೇರೆ ಕಡೆ ನೋಡುತ್ತಿದ್ದೆ.

ಅಕ್ಕೋರದು ಹಲಗೆಯ ತುದಿಯಲ್ಲಿ ಒಂದು ತಂಬಿಗೆ, ಅದರಲ್ಲಿ ತುಂಗಭದ್ರೆಯ ನೀರು. ಅವರ ಊರು ಹೊಳೆಯ ದಂಡೆಯ ಹಲವಾಗಲು. ಆ ತಂಬಿಗೆಯ ಕಥೆಯನ್ನು ಒಮ್ಮೆ ಅಕ್ಕಿ ಆರಿಸುತ್ತ ಕೂತಾಗ ಹೇಳಿದ್ದರು. ಅವರ ಅಪ್ಪ ಬೌದ್ಧರಾದ ವರ್ಷ ಮನೆಯ ಹಳೆಯ ದೇವರುಗಳನ್ನೆಲ್ಲ ಬುಟ್ಟಿಯಲ್ಲಿ ತುಂಬಿ ಹೊಳೆಗೆ ಒಯ್ದರಂತೆ. ಅವುಗಳ ಜಾತ್ರೆಗೆ ತಮಟೆ ಬಾರಿಸಲು ಇವರ ಮನೆಯವರು ಬೇಕು, ಗುಡಿಯ ಮೆಟ್ಟಿಲು ಮಾತ್ರ ಹತ್ತುವಂತಿಲ್ಲ. ನಮ್ಮನ್ನು ಹೊರಗೆ ನಿಲ್ಲಿಸಿದ ದೇವರಿಗೆ ನಮ್ಮ ಮನೆಯೊಳಗೆ ಜಾಗವೇಕೆ ಎಂದು ಅಪ್ಪನ ವಾದ. ಅವ್ವ ದಾರಿಯುದ್ದಕ್ಕೂ ಅತ್ತಳಂತೆ. ದಂಡೆಯಲ್ಲಿ ಅಪ್ಪ ಮಗಳನ್ನು ಕೇಳಿದರಂತೆ, ನೀನು ಯಾವುದನ್ನಾದರೂ ಇಟ್ಟುಕೊಳ್ಳುತ್ತೀಯಾ ಎಂದು. ಹತ್ತು ವರ್ಷದ ಹುಡುಗಿ ಸುತ್ತ ನೋಡಿ ಹೊಳೆಯನ್ನು ತೋರಿಸಿದಳಂತೆ. "ನಮ್ಮಪ್ಪ ನಕ್ಕುಬಿಟ್ಟ. ಆತು, ಅದನ್ನ ಎತ್ತಿಕೊಂಡು ಬಾ ಅಂದ. ತಂಬಿಗಿಯಾಗ ಎಷ್ಟು ಹಿಡೀತೋ ಅಷ್ಟು ತಂದೆ" ಎಂದು ಹೇಳಿ ಮತ್ತೆ ಅಕ್ಕಿಯ ಕಡೆ ಬಗ್ಗಿದರು.

ಇಂಥವರನ್ನು ದೈವಭಕ್ತೆ ಎನ್ನುವುದು ಸುಳ್ಳಲ್ಲ. ಆದರೆ ಆ ಮಾತನ್ನು ಹೇಳುವ ಬಾಯಿ ಯಾವುದು ಎಂಬುದೂ ಮುಖ್ಯ.

ಒಂದು ವರ್ಷ ಅಧ್ಯಕ್ಷರು ತಮ್ಮ ತಾಯಿಯ ನೆನಪಿಗೆ ಹಾಸ್ಟೆಲಿಗೆ ಅಮೃತಶಿಲೆಯ ಸರಸ್ವತಿ ಮೂರ್ತಿ ಕೊಡುವುದಾಗಿ ಹೇಳಿದರು. ಅಕ್ಕೋರು ಸಂತೋಷದಿಂದಲೇ ಒಪ್ಪಿದರು, ಹಲಗೆಯ ಮೇಲೆ ಇನ್ನೂ ಜಾಗವಿದೆ, ಆಕೆಯೂ ಬಂದು ಕೂರಲಿ ಎಂದರು. ಅಧ್ಯಕ್ಷರ ಮುಖ ಸಣ್ಣದಾಯಿತು. ಅವರು ಅಂದುಕೊಂಡಿದ್ದು ಆಕೆ ಒಬ್ಬಳೇ ಕೂರಬೇಕೆಂದು. ಹಲಗೆಯ ಮುಂದೆ ಕೈಕಟ್ಟಿ ನಿಂತು ಒಂದೊಂದನ್ನೇ ನೋಡುತ್ತ ಹೋದರು. ನಾನು ಅಲ್ಲೇ ಇದ್ದೆ.

"ಮೇಡಂ, ಸಾತ್ವಿಕ ದೇವರು ಇರ್ಲಿ, ಬ್ಯಾಡ ಅನ್ನಲ್ಲ. ಈ ಕೋಳಿ ಕುರಿ ಉಣ್ಣೋವು, ಈ ಪೀರಲ ಬಟ್ಟಿ, ಈ ಕಲ್ಲು, ಇವೆಲ್ಲ ವಿದ್ಯಾ ಕಲಿಯೋ ಜಾಗದಾಗ ಯಾಕ್ರಿ? ಒಂದು ಹಾಳಿ ಮ್ಯಾಲೆ ಇರೋವು ಯಾವು, ಹೋಗೋವು ಯಾವು ಬರೆದು ಕಳಿಸ್ರಿ."

ಅಕ್ಕೋರು ಮಣಿಕಟ್ಟಿನಿಂದ ಕನ್ನಡಕ ತಳ್ಳಿದರು. "ಹುಡುಗ್ಯಾರು ತಂದಾರ್ರಿ. ಯಾರ ದೇವರು ಹೆಚ್ಚು, ಯಾರದು ಕಡಿಮಿ ಅಂತ ಬರಿಯಾಕ ನಾ ಯಾರು?"

ಅಧ್ಯಕ್ಷರು ಕಳಿಸಿದ ಹಾಳೆಯಲ್ಲಿ ನಡುವೆ ಗೆರೆ ಎಳೆದು ಎರಡು ಭಾಗ ಮಾಡಿದ್ದರು. ಅದು ಹದಿನೈದು ದಿನ ಅಕ್ಕೋರ ಮೇಜಿನ ಮೇಲಿತ್ತು. ಖಾಲಿಯಾಗಿಯೇ ಹಿಂದಕ್ಕೆ ಹೋಯಿತು.

ಆಮೇಲೆ ನನ್ನನ್ನು ಅಧ್ಯಕ್ಷರ ಅಂಗಡಿಗೆ ಕರೆಸಿದರು. ಸಿಮೆಂಟಿನ ಚೀಲಗಳ ನಡುವೆ ಕುರ್ಚಿ ಹಾಕಿ, ಟೀ ತರಿಸಿ, ಟೈಪು ಮಾಡಿದ ಕಾಗದ ಮುಂದಿಟ್ಟರು. ವಾರ್ಡನ್ ಅವರು ಮಕ್ಕಳಲ್ಲಿ ಮೂಢನಂಬಿಕೆ ಬೆಳೆಸುತ್ತಿದ್ದಾರೆ, ಇದರಿಂದ ಓದಿಗೆ ತೊಂದರೆಯಾಗುತ್ತಿದೆ ಎಂದು ಅದರಲ್ಲಿ ಬರೆದಿತ್ತು. ಮುಂದಿನ ವಾರ ಮುಹೂರ್ತ ನೋಡಿ, ಹೋಮ ಮಾಡಿಸಿ ಮೂರ್ತಿ ಕೂರಿಸುವವರು ಬರೆಸಿದ ಕಾಗದ ಅದು! ದೇವರಿಗೆ ಹೆದರಬೇಡಿ ಎಂದು ಹುಡುಗಿಯರಿಗೆ ಹೇಳಿಕೊಟ್ಟ ಹೆಂಗಸಿನ ಮೇಲೆ ಮೂಢನಂಬಿಕೆಯ ಆರೋಪ. ಓದುತ್ತಿದ್ದಂತೆ ನನಗೆ ಇದೆಲ್ಲ ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಎಲ್ಲ ಹೊಳೆದಿತ್ತು. ಜೂನ್ ಹತ್ತಿರ ಬರುತ್ತಿದೆ ಎಂಬುದೂ ಹೊಳೆದಿತ್ತು. ಅಧ್ಯಕ್ಷರು ಒಂದು ಮಾತನ್ನೂ ಗಡುಸಾಗಿ ಆಡಲಿಲ್ಲ, ಪೆನ್ನಿನ ಮುಚ್ಚಳ ತೆಗೆದು ಕೈಗೆ ಕೊಟ್ಟರು. ನಾನು ಸಹಿ ಮಾಡಿದೆ.

ಆ ಶನಿವಾರ ಅಕ್ಕೋರು ತಾಯಿಗೆ ಹುಷಾರಿಲ್ಲವೆಂದು ಹಲವಾಗಲಿಗೆ ಹೋಗಿದ್ದರು. ಮಧ್ಯಾಹ್ನದ ಊಟದ ಹೊತ್ತಿಗೆ ಟೆಂಪೋ ಬಂದು ನಿಂತಿತು. ಇಬ್ಬರು ಗಂಡಸರು ರಸಗೊಬ್ಬರದ ಖಾಲಿ ಚೀಲ ಹಿಡಿದು ಒಳಗೆ ಬಂದರು. ತಟ್ಟೆ ಹಿಡಿದು ಸಾಲಿನಲ್ಲಿ ಕೂತಿದ್ದ ಹುಡುಗಿಯರ ಕಣ್ಣ ಮುಂದೆಯೇ ಹಲಗೆಯ ಮೇಲಿನದನ್ನೆಲ್ಲ ಕೈಯಿಂದ ಬಳಿದು ಚೀಲಕ್ಕೆ ತುಂಬಿದರು. ಪಟದ ಗಾಜು ಒಡೆದ ಸದ್ದು ಕೇಳಿಸಿತು. ಅಕ್ಕೋರ ತಂಬಿಗೆಯ ನೀರನ್ನು ಕಿಟಕಿಯಿಂದ ಹೊರಗೆ ಚೆಲ್ಲಿ, ತಂಬಿಗೆಯನ್ನು ಮಾತ್ರ ಅಡುಗೆಮನೆಗೆ ಕೊಟ್ಟರು, ಒಳ್ಳೆಯ ಹಿತ್ತಾಳೆ ಎಂದು. ಆ ದಿನ ವಿಶೇಷ ತರಗತಿ ತೆಗೆದುಕೊಳ್ಳಲು ಬಂದಿದ್ದ ನಾನು ಬಾಗಿಲಲ್ಲಿ ನಿಂತಿದ್ದೆ. ಒಂದು ಮಾತು ಆಡಲಿಲ್ಲ. ಆಡಿದವಳು ಮಾಳಮ್ಮ ಒಬ್ಬಳೇ. ಅದು ನಮ್ಮಜ್ಜಂದ್ರಿ, ಅದೊಂದು ಕೊಡ್ರಿ ಎಂದು ಕೇಳಿದಳು. ಅವರು ಕೇಳಿಸಿಕೊಳ್ಳಲಿಲ್ಲ. ಎಂಜಲು ಕೈಯಲ್ಲೇ ಟೆಂಪೋದ ಹಿಂದೆ ಹೆದ್ದಾರಿಯವರೆಗೆ ಓಡಿ, ಅದು ಕೆರೆಯ ಕಡೆ ತಿರುಗಿದ್ದನ್ನು ನೋಡಿ ಬಂದಳು.

ಭಾನುವಾರ ಮೂರ್ತಿ ಕೂರಿಸಿದರು. ಸೋಮವಾರ ಬೆಳಿಗ್ಗೆ ಅಕ್ಕೋರು ಬಸ್ಸಿಳಿದು ಬಂದರು. ಚೀಲ ಕೆಳಗಿಟ್ಟು ಊಟದ ಕೋಣೆಗೆ ಹೋದರು. ಅವರ ಬಾಯಿ ಎಂಥದೆಂದು ಗೊತ್ತಿದ್ದ ನಾವೆಲ್ಲ ಹಿಂದೆ ನಿಂತು ಕಾಯುತ್ತಿದ್ದೆವು. ಅವರು ಆ ಬಿಳಿ ಮೂರ್ತಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕೈ ಮುಗಿದರು. "ನಿಂದೇನು ತಪ್ಪಿಲ್ಲ ಬಿಡವ್ವ" ಎಂದರು, ಪಕ್ಕದ ಮನೆಯ ಹೆಂಗಸಿಗೆ ಹೇಳುವಂತೆ.

ಮಾಳಮ್ಮ ಕೆರೆಯ ಸುದ್ದಿ ಹೇಳಿದಳು. ಅಕ್ಕೋರು ಸೆರಗು ಸಿಕ್ಕಿಸಿಕೊಂಡು ಹೊರಟರು, ಹಿಂದೆ ಹುಡುಗಿಯರು. ನಾನು ಯಾಕೆ ಹೋದೆ ಎಂದು ಈಗಲೂ ಸರಿಯಾಗಿ ಹೇಳಲಾರೆ, ಹೋಗದಿದ್ದರೆ ಸಹಿಯ ವಿಷಯ ಎಲ್ಲರಿಗೂ ತಿಳಿದುಬಿಡುತ್ತದೆಂಬ ಹೆದರಿಕೆಯೇ ಇರಬೇಕು. ಕೆರೆಯಲ್ಲಿ ನೀರು ನಡುವೆ ಮಾತ್ರ ಇತ್ತು, ದಂಡೆಯೆಲ್ಲ ಒಣಗಿದ ಕೆಸರು, ಜಾಲಿ, ಪೇಟೆಯ ಕಸ. ಚೀಲವನ್ನು ಅಲ್ಲೇ ಕೊಡವಿದ್ದರು. ಬುದ್ಧನ ಪಟ ಗಾಜಿಲ್ಲದೆ ಸಿಕ್ಕಿತು. ಹಸಿರು ಬಟ್ಟೆ ಜಾಲಿಗೆ ಸಿಕ್ಕಿಕೊಂಡಿತ್ತು, ಅಕ್ಕೋರು ಮುಳ್ಳು ಚುಚ್ಚಿಸಿಕೊಂಡು ಬಿಡಿಸಿ ತೆಗೆದರು. ಕಂಬಳಿಯ ತುಂಡು ಸಿಗಲೇ ಇಲ್ಲ. ನಾಯಿ ಎಳೆದೊಯ್ದಿತೋ, ನೀರಿಗೆ ಹೋಯಿತೋ. ಮಾಳಮ್ಮ ಜಾಲಿಯ ಬುಡದಲ್ಲೆಲ್ಲ ಹುಡುಕಿ, ಕೊನೆಗೆ ದಂಡೆಯ ಮೇಲೆ ಕೂತಳು.

ಐದನೇ ತರಗತಿಯ ಆ ಚಿಕ್ಕ ಹುಡುಗಿ ಮಾತ್ರ ಇನ್ನೂ ಅಡ್ಡಾಡುತ್ತಿದ್ದಳು. ದಂಡೆಯ ತುಂಬ ಕಲ್ಲುಗಳೇ. ಒಂದನ್ನು ಎತ್ತುವಳು, ತಿರುಗಿಸಿ ನೋಡುವಳು, ಕೆಳಗಿಡುವಳು. ಕೊನೆಗೆ ಅಳುತ್ತ ಬಂದು ಅಕ್ಕೋರನ್ನು ಕೇಳಿದಳು.

"ಯಾವುದು ನಂದು ಅಂತ ಹೆಂಗ ಗೊತ್ತಾಗತೈತ್ರಿ?"

ಅಕ್ಕೋರು ಅವಳ ಮೂಗು ಸೆರಗಿನಿಂದ ಒರೆಸಿದರು. "ನಿಮ್ಮವ್ವ ಏನು ಹುಟ್ಟಿದಾಗಿಂದ ತಿಳಕೊಂಡು ಬಂದಿದ್ಲೇನು? ಯಾವತ್ತೋ ಒಂದಿನ ಒಂದು ಕಲ್ಲಿನ ಮುಂದ ನಿಂತ್ಲು. ನೀ ಯಾವುದು ಎತ್ತಿಕೊಂತಿ, ಅದು ನಿಂದು."

ಹುಡುಗಿ ಇನ್ನೂ ಸ್ವಲ್ಪ ಹುಡುಕಿ, ಚಪ್ಪಟೆಯದೊಂದನ್ನು ಎತ್ತಿ ಲಂಗಕ್ಕೆ ಒರೆಸಿಕೊಂಡಳು.

ಅದೇ ವಾರ ಸಮಿತಿಯವರು ಬಂದು ಆಫೀಸು ಕೋಣೆಯಲ್ಲಿ ಕೂತರು. ಮಕ್ಕಳನ್ನು ಕೆರೆಗೆ ಕರೆದೊಯ್ದು ಅಪಾಯಕ್ಕೆ ಒಡ್ಡಿದ್ದು ಒಂದು ತಪ್ಪು, ದಾನಿಗಳ ಮನಸ್ಸು ನೋಯಿಸಿದ್ದು ಇನ್ನೊಂದು ತಪ್ಪು, ಮೂಢನಂಬಿಕೆ ಮೂರನೆಯದು. ಕೆಲಸದಿಂದ ತೆಗೆದ ಕಾಗದ ಅಕ್ಕೋರ ಕೈಗೆ ಬಂತು. ಹದಿನಾರು ವರ್ಷ ಆ ಮಕ್ಕಳ ಹೇನು ಆರಿಸಿ, ಜ್ವರಕ್ಕೆ ತಣ್ಣೀರು ಬಟ್ಟೆ ಹಾಕಿ, ಮದುವೆ ಮಾಡಿಬಿಡುತ್ತೇವೆಂದು ಬಂದ ಅಪ್ಪಂದಿರನ್ನು ಗೇಟಿನಿಂದಲೇ ವಾಪಸು ಕಳಿಸಿದ ಹೆಂಗಸು ಒಂದು ಟ್ರಂಕು ಹಿಡಿದು ಹರಪನಹಳ್ಳಿ ಬಸ್ಸು ಹತ್ತಿದರು. ಸಮಿತಿಯ ಒಬ್ಬರೂ ಬಸ್‌ಸ್ಟ್ಯಾಂಡಿಗೆ ಬರಲಿಲ್ಲ. ಈಗ ಹಾರ ಹಿಡಿದು ಸಾಲು ನಿಲ್ಲುವವರು ಆಗ ಎಲ್ಲಿದ್ದರು? ಜೂನ್ ತಿಂಗಳಲ್ಲಿ ನನ್ನನ್ನು ಮುಂದುವರಿಸಿದರು.

ಅಕ್ಕೋರು ಹರಪನಹಳ್ಳಿ ಕಡೆಯ ಅರಸೀಕೆರೆಯ ಒಂದು ಸಣ್ಣ ಶಾಲೆಯಲ್ಲಿ ಕೆಲ ವರ್ಷ ಕನ್ನಡ ಪಾಠ ಮಾಡಿ, ಕಾಲುನೋವು ಹೆಚ್ಚಾದ ಮೇಲೆ ಹಲವಾಗಲಿಗೆ ಹೋಗಿ ಕೂತರು. ಎರಡು ವರ್ಷದ ಹಿಂದೆ ನಾನು ಅಲ್ಲಿಗೆ ಹೋಗಿದ್ದೆ. ಅಷ್ಟು ಹೊತ್ತಿಗೆ ನನಗೆ ಸರ್ಕಾರಿ ಕೆಲಸವಾಗಿತ್ತು, ಹೆದರುವುದಕ್ಕೆ ಏನೂ ಉಳಿದಿರಲಿಲ್ಲ. ನನ್ನ ಧೈರ್ಯದ ಗುಣವೇ ಅಷ್ಟು. ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ನನಗೂ ಒಂದು ಬೊಗಸೆ ಮುಂದೆ ಸುರಿದರು, ಸುಲಿ ಎಂದು. ಸುಲಿಯುತ್ತಲೇ ಹೇಳಿದೆ, ಆ ಕಾಗದಕ್ಕೆ ನನ್ನ ಸಹಿಯೂ ಇತ್ತು ಎಂದು.

"ಗೊತ್ತೈತಿ" ಎಂದರು. ಕೈ ನಿಲ್ಲಲಿಲ್ಲ.

ನನ್ನನ್ನು ಕ್ಷಮಿಸಿ ಎಂದೆ. ಅವರಿಗೆ ಸಿಟ್ಟು ಬಂತು, ಹಳೆಯ ಸಿಟ್ಟೇ. "ನನಗ್ಯಾಕ ಹೇಳ್ತಿ? ನಂದು ತಂಬಿಗಿ ನೀರು, ಹೊಳಿ ಇಲ್ಲೇ ಐತಿ, ಮತ್ತ ತುಂಬಿಕೊಂಡೆ. ಹೋಗಿ ಆ ಹುಡುಗ್ಯಾರಿಗೆ ಹೇಳು."

ಹೇಳುತ್ತೇನೆ ಎಂದು ಬಂದವಳು ಹೇಳಲಿಲ್ಲ. ಈ ವರ್ಷ ಎದೆನೋವಿನಿಂದ ಅವರು ತೀರಿಕೊಂಡರು. ಸುದ್ದಿ ನನಗೆ ಮುಟ್ಟುವ ಹೊತ್ತಿಗೆ ಮಣ್ಣೂ ಆಗಿತ್ತು.

ಶ್ರದ್ಧಾಂಜಲಿ ಸಭೆಯಿಂದ ಎದ್ದು ಬಂದ ಮುಂದಿನ ವಾರ ಹಗರಿಬೊಮ್ಮನಹಳ್ಳಿಗೆ ಹೋದೆ. ಮಾಳಮ್ಮ ಅಲ್ಲಿ ಒಂದು ಆಸ್ಪತ್ರೆಯಲ್ಲಿ ನರ್ಸ್. ನನ್ನನ್ನು ನೋಡಿ ಬರ್ರಿ ಟೀಚರ್ ಎಂದು ಎದ್ದು ನಿಂತಳು, ಬೆಂಚಿನ ಮೇಲೆ ಕೂರಿಸಿ ನೀರು ಕೊಟ್ಟಳು. ಮಾತು ಈಗಲೂ ಕಡಿಮೆಯೇ. ನಾನು ಸುತ್ತಿ ಬಳಸದೆ ಹೇಳಿದೆ. ಆ ಶನಿವಾರ ಬಾಗಿಲಲ್ಲಿ ಸುಮ್ಮನೆ ನಿಂತದ್ದು, ಅದಕ್ಕೂ ಮೊದಲು ಸಹಿ ಹಾಕಿದ್ದು, ಎರಡನ್ನೂ.

ಅವಳು ಬಹಳ ಆಶ್ಚರ್ಯಪಡಲಿಲ್ಲ. "ನಮಗ ಆವಾಗನ ಗೊತ್ತಿತ್ರಿ" ಎಂದಳು. "ಸಮಿತಿಯವ್ರು ಅಕ್ಕೋರ ಕೈಯಾಗ ಆ ದೂರಿನ ಕಾಗದ ಕೊಟ್ಟಾಗ ಒಳಗ ನೀರು ಕೊಡಾಕ ಹೋದಾಕಿ ನಾನ. ನಿಮ್ಮ ಸಹಿ ನೋಡಿದೆ. ಹೊರಗ ಬಂದು ಎಲ್ಲಾರಿಗೂ ಹೇಳಿದೆ. ನಾಳಿಂದ ಟೀಚರ್ ಕ್ಲಾಸಿಗೆ ಯಾರೂ ಕೂಡಬಾರದು ಅಂತ ಮಾತಾಡಿಕೊಂಡ್ವಿ."

ಆದರೆ ಕೂತಿರಲ್ಲ ಎಂದೆ. ಪರೀಕ್ಷೆ ಮುಗಿಯುವವರೆಗೆ ಒಂದು ದಿನವೂ ಒಬ್ಬಳೂ ತಪ್ಪಿಸಿರಲಿಲ್ಲ.

"ಅಕ್ಕೋರು ಟ್ರಂಕು ಕಟ್ಟಾಕ ಹತ್ತಿದ್ರು. ನಮ್ಮನ್ನ ಕರೆದು ಬೈದ್ರು. ಪರೀಕ್ಷಿ ಹತ್ರ ಐತಿ, ಆಕಿಗೆ ಯಾರೂ ಏನೂ ಅನಬ್ಯಾಡ್ರಿ, ಆಕಿ ಲೆಕ್ಕ ಚಲೋ ಹೇಳ್ತಾಳ ಅಂದ್ರು."

ಒಳಗಿನಿಂದ ಯಾರೋ ಸಿಸ್ಟರ್ ಎಂದು ಕರೆದರು. ಮಾಳಮ್ಮ ಕೂತಿರಿ ಬಂದೆ ಎಂದು ಹೇಳಿ ಹೋದಳು.

ಆ ವರ್ಷ ನನ್ನ ಹುಡುಗಿಯರೆಲ್ಲ ಗಣಿತದಲ್ಲಿ ಪಾಸಾಗಿದ್ದರು. ಹನ್ನೆರಡು ವರ್ಷದಿಂದ ಸಿಕ್ಕಸಿಕ್ಕವರ ಮುಂದೆಲ್ಲ ನಾನು ಅದನ್ನು ನನ್ನ ಸಾಧನೆ ಎಂದು ಹೇಳಿಕೊಂಡು ಬಂದಿದ್ದೇನೆ.